ಹುಳದ ಮನೆಯಲ್ಲಿ ಸೆಂಟಿನ ವಾಸನೆ

ಹೈಸ್ಕೂಲು ಪ್ರೇಮದ ತಮಾಷೆ ಸಿನಿಮಾಗಳನ್ನು ಈಗ ನಾನು ಪೂರ್ತಿ ನೋಡಲಾರೆ. ನಾಯಕಿಯ ಗೆಳತಿ ಪರದೆಯ ಮೇಲೆ ಬಂದಳೆಂದರೆ ಎದ್ದು ಹೋಗಿ ನೀರು ಕುಡಿಯುತ್ತೇನೆ, ಬಂದು ಕೂರುತ್ತೇನೆ, ಮತ್ತೆ ಏಳುತ್ತೇನೆ. "ಒಂದ್ ಕಡೆ ಕೂತ್ಕೋಬಾರ್ದೇನಮ್ಮ?" ಎಂದು ಅಮ್ಮ ಬೈಯುತ್ತಾಳೆ.

ಹತ್ತನೇ ತರಗತಿಯಲ್ಲಿ ಅಂಥ ಸಿನಿಮಾ ಎಂದರೆ ಪ್ರಾಣ ಬಿಡುತ್ತಿದ್ದೆ. ದಿಬ್ಬೂರಹಳ್ಳಿ ಕಡೆಯ ನಮ್ಮೂರಿಂದ ಶಿಡ್ಲಘಟ್ಟದ ಸ್ಕೂಲಿಗೆ ಬಸ್ಸಿನಲ್ಲಿ ಹೋಗುವಾಗ ನಾನೂ ನನ್ನ ಗೆಳತಿಯೂ ಅವಳಣ್ಣನ ಹಳೇ ಫೋನಿನಲ್ಲಿ ತೆಲುಗಿನವನ್ನೆಲ್ಲ ನೋಡಿ ಮುಗಿಸಿದ್ದೆವು. ಅವುಗಳಲ್ಲಿ ಗೆಳತಿಗೆ ಇರುವುದು ಒಂದೇ ಕೆಲಸ. ನಾಯಕಿ ಸಿಕ್ಕಿಬೀಳುವ ಹೊತ್ತಿಗೆ ಅಡ್ಡ ಬಂದು ತಾನು ಬೈಸಿಕೊಳ್ಳಬೇಕು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಎದುರು ಮನೆಯ ಹುಡುಗ ನಮ್ಮ ಕ್ಲಾಸಿನವನೇ. ಅವನೆಂದರೆ ನನಗಿಷ್ಟ ಎಂಬುದು ಗೆಳತಿಗೆ ಮಾತ್ರ ಗೊತ್ತಿತ್ತು. ಅಪ್ಪನಿಗೆ ಗೊತ್ತಾದರೆ ನನ್ನ ಓದು ಅಲ್ಲಿಗೇ ಬಂದ್. ಅತ್ತೆಯ ಮಗಳಿಗೆ ಹಾಗೇ ಆಗಿತ್ತು.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಹಣ್ಣಾದ, ಅಂದರೆ ಬಲಿತು ಗೂಡಿಗೆ ತಯಾರಾದ ದಿನ ಯಾರಿಗೂ ಪುರಸೊತ್ತಿಲ್ಲ. ಗೂಡು ಕಟ್ಟಲು ಶುರು ಮಾಡುವ ಮುಂಚೆ ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅಕ್ಕಪಕ್ಕದವರೆಲ್ಲ ಬಂದು ಕೈ ಹಾಕುತ್ತಾರೆ. ಆದರೆ ಬೀಡಿ, ಊದುಬತ್ತಿ, ಸೆಂಟು, ಯಾವ ವಾಸನೆಯೂ ಹುಳದ ಮನೆಯ ಹೊಸಿಲು ದಾಟುವಂತಿಲ್ಲ. ಹುಳಕ್ಕೆ ಅದು ಆಗದು.

ಹಾಗೆ ಹುಳ ಹಣ್ಣಾದ ಒಂದು ಭಾನುವಾರ ಬೆಳಿಗ್ಗೆ ಅವನೂ ಬಂದ. ಅವರದು ದ್ರಾಕ್ಷಿ ತೋಟ, ಹುಳದ ವಿಷಯ ಅವನಿಗೇನೂ ಗೊತ್ತಿರಲಿಲ್ಲ. ಸಿನಿಮಾದ ಹುಡುಗರ ಹಾಗೆ ಮೈತುಂಬ ಸೆಂಟು ಹೊಡೆದುಕೊಂಡಿದ್ದ. ಬಾಗಿಲಲ್ಲೇ ನನ್ನ ಮೂಗಿಗೆ ಬಡಿಯಿತು. ತೊಟ್ಟಿಯ ಹತ್ತಿರ ಹೋಗಿ ತೊಳೆದುಕೊಂಡು ಬಾ ಎನ್ನಬೇಕಿತ್ತು. ನನಗಾಗಿ ಹಾಕಿಕೊಂಡು ಬಂದಿದ್ದಾನೆ ಎಂಬ ಖುಷಿಯಲ್ಲಿ "ಬಾ" ಎಂದುಬಿಟ್ಟೆ.

ಗೆಳತಿ ಆಗಲೇ ಬಂದಿದ್ದಳು, ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರು. ಮೂವರೂ ಒಂದೇ ಚಂದ್ರಿಕೆಯ ಮುಂದೆ ಕೂತೆವು. ಐದು ನಿಮಿಷವೂ ಆಗಿರಲಿಲ್ಲ, ಅಜ್ಜಿ ತಲೆಯೆತ್ತಿದಳು.

"ಯಾರೇ ಅದು, ಸೆಂಟ್ ಹಾಕ್ಕೊಂಡು ಒಳಗೆ ಬಂದಿರೋದು?"

ಅಪ್ಪ ನಮ್ಮ ಕಡೆ ತಿರುಗಿದ. ಹುಡುಗ ತಲೆ ತಗ್ಗಿಸಿದ. ಅವನೆಂದು ತಿಳಿದರೆ ಯಾರಿಗಾಗಿ ಎಂದು ಕೇಳದೆ ಬಿಡುವವನಲ್ಲ ಅಪ್ಪ.

"ನಾನೇ ಅಜ್ಜಿ. ಮರ್ತೋಯ್ತು," ಎಂದಳು ಗೆಳತಿ.

ಅಜ್ಜಿ ಅವಳನ್ನು ಕೈಹಿಡಿದು ಹೊರಗೆ ದಬ್ಬಿದಳು. "ಹುಳ ಸಾಕೋರ ಮನೇಲಿ ಹುಟ್ಟಿ ಬುದ್ಧಿ ಬೇಡ್ವೇನೇ? ಯಾರಿಗ್ ತೋರ್ಸಕ್ಕೆ ಈ ಶೋಕಿ?" ನೆರೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅಪ್ಪ ಹುಡುಗನನ್ನು ಟ್ರ್ಯಾಕ್ಟರಿನಿಂದ ಸೊಪ್ಪು ಇಳಿಸಲು ಕಳಿಸಿದ. ನಾನು ಹುಳ ಆರಿಸುತ್ತಲೇ ಇದ್ದೆ. ಎರಡು ಕೆಳಗೆ ಬಿದ್ದವು, ಎತ್ತಿ ಚಂದ್ರಿಕೆಗೆ ಬಿಟ್ಟೆ.

ಆ ಸಲ ಗೂಡಿನ ಬೆಳೆ ಚೆನ್ನಾಗೇ ಬಂತು. ಸೋಮವಾರ ಬಸ್ಸಿನಲ್ಲಿ ಅಳುವುದಕ್ಕೆ ಹೋದರೆ ಅವಳೇ ನನ್ನ ಬಾಯಿ ಮುಚ್ಚಿಸಿದಳು. "ಸುಮ್ನಿರೇ. ನೀನ್ ಸ್ಕೂಲ್ ಬಿಟ್ರೆ ನಾನ್ ಯಾರ್ ಜೊತೆ ಹೋಗ್ಲಿ?" ಹುಡುಗನ ಮೇಲಿನ ಆಸೆ ಪರೀಕ್ಷೆ ಮುಗಿಯುವಷ್ಟರಲ್ಲಿ ಇಳಿದುಹೋಯಿತು. ಈಗ ಅವನ ಆಗಿನ ಮುಖವೂ ಸರಿಯಾಗಿ ನೆನಪಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಮುಂದಿನ ಬೆಳೆಗೆ ಅಪ್ಪನೇ ಅವಳನ್ನು ಕರೆಸಿದ, ಅವಳ ಕೈ ಚುರುಕು ಎಂದು. ಬಂದವರೆಲ್ಲ ಕಾಲು ತೊಳೆದು ಒಳಗೆ ನಡೆದರು. ಅವಳನ್ನು ಮಾತ್ರ ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ, ಕೈ, ಕತ್ತು, ಜಡೆ ಮೂಸಿ ನೋಡಿ ಬಿಟ್ಟಳು. ಅದರ ಮುಂದಿನ ಬೆಳೆಗೂ ಹಾಗೆಯೇ. ಮೂರನೆಯ ಸಲ ಅಜ್ಜಿ ಕೇಳುವ ಮುಂಚೆಯೇ ಅವಳು ಎರಡೂ ಕೈ ಮುಂದೆ ಚಾಚಿ ನಿಂತಳು. ಅವಳ ಪಕ್ಕದಿಂದ ಹಾದು ನಾನು ಒಳಗೆ ಹೋದೆ.