ಮಂಚದ ಕೆಳಗಿನ ಕೆಂಡ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೇವನಹಳ್ಳಿ ತಾಲ್ಲೂಕಿನ ಕುಂದಾಣದ ಕಡೆ ಸರ್ಕಾರಿ ವೈದ್ಯನಾಗಿದ್ದೆ. ಆಸ್ಪತ್ರೆಯ ಹಿಂದೆಯೇ ನಿವೃತ್ತರ ಒಂದು ಸಣ್ಣ ಬಡಾವಣೆ. ಮೇಷ್ಟ್ರು, ಸ್ಟೇಷನ್ ಮಾಸ್ಟರು, ಗುಮಾಸ್ತರು, ಹೀಗೆ ಊರೂರು ವರ್ಗವಾಗಿ ಸುತ್ತಿದವರೆಲ್ಲ ಇಲ್ಲಿಯ ಹವೆ ಮೆಚ್ಚಿ ನೆಲೆಸಿದ್ದರು. ಸೆಖೆಯಿಲ್ಲ, ಚಳಿಯೂ ಹೇಳಿಕೊಳ್ಳುವಂಥದ್ದಲ್ಲ. ಹೆಂಚಿನ ಮನೆಗಳಲ್ಲಿ ಹುಟ್ಟಿದ ಅವರಿಗೆ ಕಾಂಕ್ರೀಟ್ ತಾರಸಿ, ಗಾಜಿನ ಕಿಟಕಿ ಎಂದರೆ ಹೆಮ್ಮೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಲಿಕಲ್ಲು ಸುರಿಯಿತು. ಹಿಂದೆಯೂ ನೋಡಿದ್ದೆವು, ಆದರೆ ಅಷ್ಟು ಎಂದೂ ಅಲ್ಲ. ಮಳೆ ನಿಂತಾಗ ಬೀದಿಯೆಲ್ಲ ಉಪ್ಪು ಹರವಿದ ಹಾಗೆ ಬೆಳ್ಳಗಿತ್ತು. ಮುದುಕರೆಲ್ಲ ಮಕ್ಕಳಾಗಿ ಹೊರಗೆ ಬಂದರು. ಸ್ಟೇಷನ್ ಮಾಸ್ಟರ್ ರಂಗಪ್ಪನವರು ಬೊಗಸೆ ತುಂಬ ಆಲಿಕಲ್ಲು ಹಿಡಿದು ಕೂಗಿದರು: "ಡಾಕ್ಟ್ರೇ, ಕಾಶ್ಮೀರದ ಟಿಕೆಟ್ ಉಳೀತು ಕಣ್ರೀ!"

ಹೆಡ್‌ಮಾಸ್ಟರಾಗಿದ್ದ ನಂಜುಂಡಯ್ಯನವರೂ ಬರಿಗಾಲಲ್ಲಿ ನಿಂತು ನಗುತ್ತಿದ್ದರು. ಅವರಿಗೆ ಉಬ್ಬಸ. ಹೆಂಡತಿ ಪುಟ್ಟಲಕ್ಷ್ಮಮ್ಮ ಬಾಗಿಲಿನಿಂದ ಗದರಿದರು: "ಸಾಕು ಬನ್ರೀ ಒಳಗೆ. ರಾತ್ರಿಯೆಲ್ಲ ಗೊರಗೊರ ಅನ್ನೋದು ನೀವು, ನಿದ್ದೆಗೆಡೋದು ನಾನು!"

ಸಂಜೆಯಾಗುತ್ತಲೇ ಯಾರೂ ಕಂಡರಿಯದ ಚಳಿ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಪುಟ್ಟಲಕ್ಷ್ಮಮ್ಮ ಆಸ್ಪತ್ರೆಗೆ ಓಡಿಬಂದರು. "ಎಬ್ಬಿಸಿದ್ರೆ ಏಳ್ತಾ ಇಲ್ಲ, ಬನ್ನಿ."

ಕೋಣೆಯ ಬಾಗಿಲು ದೂಡುತ್ತಲೇ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಿಟಕಿಗಳೆಲ್ಲ ಭದ್ರ, ಸಂದಿಗಳಿಗೆ ಹಳೇ ಬಟ್ಟೆ. ಮಂಚದ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ. ನಂಜುಂಡಯ್ಯನವರ ಮುಖ ಆರೋಗ್ಯವಂತರ ಮುಖದ ಹಾಗೆ ಕೆಂಪಗಿತ್ತು. ನಾಡಿ ಇರಲಿಲ್ಲ. ಅಗ್ಗಿಷ್ಟಿಕೆಯನ್ನು ಹೊರಗೆಳೆದೆ.

ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡವಿಡುವುದು ತಲೆತಲಾಂತರದ ರೂಢಿ. ಹೆಂಚಿನ ಸಂದುಗಳೇ ಆ ಮನೆಗಳ ಉಸಿರು. ತಾರಸಿಗೆ ಸಂದಿಲ್ಲ.

"ಹೊಗೆಯೆಲ್ಲ ಹೋದ್ಮೇಲೇ ಒಳಗೆ ತಂದಿದ್ದು," ಎಂದರು ಪುಟ್ಟಲಕ್ಷ್ಮಮ್ಮ. "ಹಿತವಾಗಿದೆ ಅಂದ್ರು, ಮಲಗಿದ್ರು. ನಾನು ಹಿತ್ತಲಲ್ಲಿ ಕಷಾಯ ಕಾಯಿಸ್ತಿದ್ದೆ. ಎಷ್ಟು ಬಾಣಂತನ ಮಾಡಿದೀನಿ ಡಾಕ್ಟ್ರೇ, ಯಾರಿಗೂ ಏನೂ ಆಗಿಲ್ಲ. ಇವ್ರಿಗೆ ಏನಾಯ್ತು?"

ಉಬ್ಬಸ, ಚಳಿ, ವಯಸ್ಸು. ಮೂರು ಉತ್ತರಗಳೂ ನಾಲಗೆಯ ತುದಿಯಲ್ಲಿದ್ದವು. ಯಾವುದನ್ನು ಹೇಳಿದ್ದರೂ ಆಕೆ ಅತ್ತು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ರಂಗಪ್ಪನವರು ಬಾಗಿಲಲ್ಲಿ ನಿಂತರು.

"ಪಾಪ, ಚಳಿಗೇ ಹೋಗ್ಬಿಟ್ರಾ? ನಮ್ಮನೇಲಿ ಸದ್ಯ, ಇವಳು ಬೆಚ್ಚಗೆ ಮಲಗವ್ಳೆ. ಅಗ್ಗಿಷ್ಟಿಕೆ ಇಡೋದು ಈಯಮ್ಮನೇ ಹೇಳ್ಕೊಟ್ಟಿದ್ದು. ಬೀದೀಲೆಲ್ಲ ಅದೇ ಇವತ್ತು."

ಹೊರಗೆ ನೋಡಿದೆ. ಬೀದಿಯುದ್ದಕ್ಕೂ ಕಿಟಕಿಗಳು ಮುಚ್ಚಿದ್ದವು. ಪುಟ್ಟಲಕ್ಷ್ಮಮ್ಮನ ಮುಖ ನೋಡದೆ ಕೂಗಿದೆ: "ಓಡಿ ರಂಗಪ್ಪನವ್ರೇ, ಕೆಂಡ ಹೊರಗೆ ಹಾಕಿ, ಕಿಟಕಿ ತೆಗೀರಿ! ಇವ್ರು ಹೋಗಿದ್ದು ಚಳಿಗಲ್ಲ, ಕೆಂಡದ ಗಾಳಿಗೆ!"

ಮನೆಮನೆಯ ಬಾಗಿಲು ಬಡಿದೆವು. ರಂಗಪ್ಪನವರ ಹೆಂಡತಿ ವಾಂತಿ ಮಾಡಿಕೊಂಡು, ತಲೆ ಹಿಡಿದು, ಅಂತೂ ಎದ್ದು ಕೂತರು. ಬೇರೆ ಯಾರೂ ಸಾಯಲಿಲ್ಲ. ಕರಗುತ್ತಿದ್ದ ಆಲಿಕಲ್ಲಿನ ಮೇಲೆ ಎಲ್ಲರೂ ಕೆಂಡ ಸುರಿದರು, ಬೀದಿಯೆಲ್ಲ ಚುಂಯ್‌ಗುಟ್ಟಿತು. ನಾನು ಮರಳಿದಾಗ ಪುಟ್ಟಲಕ್ಷ್ಮಮ್ಮ ಅಳುತ್ತಿರಲಿಲ್ಲ. ಸಂದಿಗೆ ತುರುಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಕಿತ್ತು ಮಡಿಸಿಡುತ್ತಿದ್ದರು.

ಬೀದಿಯವರು ನನ್ನನ್ನು ಹೊಗಳಿದರು. ಆಕೆ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಬೇರೆ ದಾರಿಯಿರಲಿಲ್ಲ, ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಹತ್ತಾರು ಜೀವ ಉಳಿಸಿದ ಮಾತಿಗೂ ಒಬ್ಬರು ಬಲಿಯಾಗಬಹುದು, ಆ ಗಾಯಕ್ಕೆ ನಮ್ಮ ಚೀಲದಲ್ಲಿ ಮದ್ದಿಲ್ಲ ಎಂಬುದನ್ನು ಈ ವೃತ್ತಿ ನನಗೆ ಆ ಮನೆಯಲ್ಲಿ ಕಲಿಸಿತು.

ಡಿಸೆಂಬರಿನಲ್ಲಿ ಆಕೆಗೆ ಜ್ವರ ಬಂದಾಗ ನೋಡಲು ಹೋದೆ. ಕಿಟಕಿಗಳೆಲ್ಲ ತೆರೆದಿದ್ದವು, ಆಕೆ ಗಡಗಡ ನಡುಗುತ್ತಿದ್ದರು.

"ಒಂದಾದ್ರೂ ಮುಚ್ಲಾ ಅಮ್ಮಾ?"

"ಬೇಡ ಕಣಪ್ಪಾ," ಎಂದರು. "ಅವ್ರಿಗೆ ಉಸಿರು ಕಟ್ಟುತ್ತೆ."