ಮೊಣಕಾಲುದ್ದ ನೀರು

ಇವರು ಸಮುದ್ರವನ್ನು ಎಕ್ಸೆಲ್ ಶೀಟಿನಲ್ಲಿ ಅಳೆದ ಕಥೆ ಹೇಳುತ್ತೇನೆ. ಇವರು ಅಂದರೆ ನನ್ನ ಗಂಡ ಅನಂತಕೃಷ್ಣ. ಊರು ಮೈಸೂರು. ಇಪ್ಪತ್ತೆರಡು ವರ್ಷದಿಂದ ಐರ್ಲೆಂಡಿನ ಲಿಮೆರಿಕ್‌ನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್. ಕಾರ್ಖಾನೆಯಿಂದ ಹೊರಗೆ ಹೋಗುವ ಒಂದೊಂದು ಸರ್ಕ್ಯೂಟ್ ಬೋರ್ಡೂ ಎಲ್ಲೆಲ್ಲಿ ಕೆಟ್ಟು ಕೂರಬಹುದು ಎಂದು ಮೊದಲೇ ಯೋಚಿಸಿ ಪಟ್ಟಿ ಮಾಡುವುದು ಇವರ ಕೆಲಸ. ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಸರಿ. ಮನೆಯಲ್ಲೂ ಅದನ್ನೇ ಪುಕ್ಕಟೆ ಮಾಡುತ್ತಾರೆ, ಅದು ನನ್ನ ಹಣೆಬರಹ.

ಪ್ರತಿ ಭಾನುವಾರ ಹೊಗೆ ಅಲಾರಂ ಒತ್ತಿ ನೋಡಬೇಕು. ಕಾರು ಹತ್ತುವ ಮೊದಲು ನಾಲ್ಕು ಟೈರಿಗೂ ಒಂದೊಂದು ಒದೆ ಬೀಳಬೇಕು. ಮಗಳು ಚಿಕ್ಕವಳಿದ್ದಾಗ ಶ್ಯಾನನ್ ನದಿಯ ಸೇತುವೆ ದಾಟುವುದೆಂದರೆ ಅವಳ ಬೆರಳು ಹಿಡಿಯುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದರು. “ಬೆರಳು ಜಾರತ್ತೆ ವನಜಾ, ಮಣಿಕಟ್ಟು ಜಾರಲ್ಲ,” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆದರೂ ಆ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು.

ಇವರಿಗೆ ದಿಲೀಪ ಅಂತ ತಮ್ಮನೊಬ್ಬ ಇದ್ದ. ಇವರಿಗೆ ಹದಿನಾಲ್ಕು, ಅವನಿಗೆ ಹನ್ನೊಂದು. ಶ್ರೀರಂಗಪಟ್ಟಣದಲ್ಲಿ ನೆಂಟರ ಮನೆಯ ಯಾವುದೋ ಕಾರ್ಯಕ್ಕೆ ಹೋದಾಗ ಹುಡುಗರೆಲ್ಲ ಕಾವೇರಿಗೆ ಇಳಿದರು. ಇವರಿಗೆ ಈಜು ಬರುತ್ತಿರಲಿಲ್ಲ, ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತರು. ದಿಲೀಪ ಅಂಗಿ, ಚಡ್ಡಿ ಬಿಚ್ಚಿ ಅಣ್ಣನ ತೊಡೆಯ ಮೇಲೆ ಹಾಕಿ, “ನೋಡ್ಕೊಂಡಿರು, ಬಂದೆ,” ಅಂದು ಇಳಿದ. ಬರಲಿಲ್ಲ. ದೊಡ್ಡವರು ಓಡಿ ಬರುವವರೆಗೂ ಇವರು ಆ ಬಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೇ ಕೂತಿದ್ದರಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ನನಗೆ ಹೇಳಿದರು. ಆಮೇಲೆ ಯಾವತ್ತೂ ಆ ವಿಷಯ ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ನಮ್ಮ ಐಶು ಇಲ್ಲೇ ಹುಟ್ಟಿದವಳು. ಆರನೇ ವಯಸ್ಸಿನಲ್ಲಿ ಅವಳ ಬಲಗಿವಿ ಸೋರಿತ್ತು. ಡಾಕ್ಟರು ಹನಿ ಕೊಟ್ಟರು, ಹತ್ತು ದಿನಕ್ಕೆ ವಾಸಿಯಾಯಿತು. ಅದಾದ ವರ್ಷ ಶಾಲೆಯಿಂದ ಕಾಗದ ಬಂತು. ಮಕ್ಕಳನ್ನು ಆರು ವಾರ ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತೇವೆ, ಈಜುಡುಗೆ, ಟವೆಲ್ ಕಳಿಸಿ ಎಂದು. ಇವರು ಆ ಕಾಗದವನ್ನು ಮೂರು ಸಲ ಓದಿ, “ಕಿವಿ ತಮಟೆ ಸೂಕ್ಷ್ಮ ಅಂತ ಹೇಳಿಬಿಡೋಣ,” ಅಂದರು. ಈ ವರ್ಷ ಒಂದು ಸಲ ಮಾತ್ರ, ಅಂದರು. ಚೀಟಿ ಹೋಯಿತು. ಮುಂದಿನ ವರ್ಷವೂ ಹೋಯಿತು. ಶಾಲೆ ಬದಲಾದರೂ ಚೀಟಿ ನಿಲ್ಲಲಿಲ್ಲ.

ಸುಳ್ಳನ್ನು ಅಷ್ಟು ವರ್ಷ ಹೇಳಿದರೆ ಮಗು ನಂಬದೆ ಏನು ಮಾಡುತ್ತದೆ? ಬೇಸಿಗೆಯಲ್ಲಿ ಲಿಮೆರಿಕ್‌ನ ಜನವೆಲ್ಲ ಕಿಲ್ಕೀ ಕಡಲತೀರಕ್ಕೆ ಓಡುತ್ತಾರೆ. ನಾವೂ ಹೋಗುತ್ತಿದ್ದೆವು. ಬೇರೆ ಮಕ್ಕಳು ಆ ಕೊರೆಯುವ ನೀರಿನಲ್ಲಿ ಕಿರುಚಿಕೊಂಡು ಬೀಳುತ್ತಿದ್ದರೆ ಇವಳು ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಮರಳಲ್ಲಿ ಗುಂಡಿ ತೋಡುತ್ತಿದ್ದಳು. ಯಾರಾದರೂ ಕರೆದರೆ ತಾನೇ ಹೇಳುತ್ತಿದ್ದಳು, ನನ್ನ ಕಿವಿ ಸರಿಯಿಲ್ಲ ಅಂತ. ಕಾರಿನಲ್ಲಿ ವಾಪಸು ಬರುವಾಗ ಇವರ ಮೇಲೆ ಹರಿಹಾಯುತ್ತಿದ್ದೆ. ಇವರು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಂಡು ಗಾಡಿ ಓಡಿಸುತ್ತಿದ್ದರು.

ಹೀಗೇ ಅವಳಿಗೆ ಹದಿನೆಂಟು ತುಂಬುತ್ತಾ ಬಂತು. ಜನವರಿಯ ಒಂದು ಭಾನುವಾರ ಊಟಕ್ಕೆ ಕೂತಾಗ ಐಶು ಬಾಂಬ್ ಹಾಕಿದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಲಿಮೆರಿಕ್ ರಾಗದ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು. ಅವಳ ಮಾತನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಲೀವಿಂಗ್ ಸರ್ಟ್ ಮುಗಿದ ಮೇಲೆ ಝಾಂಟಿಗೆ ಹೋಗ್ತಿದೀನಿ. ಗ್ರೀಸ್‌ನಲ್ಲಿರೋ ದ್ವೀಪ. ಆರು ಜನ ಹುಡುಗೀರು, ಒಂದು ವಾರ. ಈಫಾ ಎಲ್ಲಾ ಬುಕ್ ಮಾಡಿದಾಳೆ.”

ಲೀವಿಂಗ್ ಸರ್ಟ್ ಅಂದರೆ ಇಲ್ಲಿಯ ಪಿಯುಸಿ. ಈಫಾ ಇವಳ ಜೀವದ ಗೆಳತಿ. ಪರೀಕ್ಷೆ ಮುಗಿಯಿತೆಂದರೆ ಇಲ್ಲಿನ ಮಕ್ಕಳು ಗುಂಪು ಕಟ್ಟಿಕೊಂಡು ಬಿಸಿಲಿರುವ ದ್ವೀಪಕ್ಕೆ ಹಾರುವುದು ನಮ್ಮಲ್ಲಿ ಮುಂಜಿ ಮಾಡಿದಷ್ಟೇ ಖಾಯಂ ಶಾಸ್ತ್ರ.

ಇವರು ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಸಿದರು. “ದ್ವೀಪ ಅಂದ್ರೆ ಸುತ್ತ ನೀರು ಕಣಮ್ಮ.”

“ಅದಕ್ಕೇ ಅಲ್ವಾ ಅಪ್ಪ ದ್ವೀಪ ಅನ್ನೋದು.”

“ನಿನ್ನ ಕಿವಿ?”

“ನಾನೇನೂ ನೀರಿಗಿಳಿಯಲ್ಲ. ದಡದಲ್ಲಿ ಬಿಸಿಲು ಕಾಯಿಸ್ಕೊಂಡು ಇರ್ತೀನಿ. ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ.”

ಇವರು ಬೇಡ ಅಂದರು. ಮಾರ್ಚಿಗೆ ಹದಿನೆಂಟು ತುಂಬತ್ತೆ ಅಂದಳು. ನಾವೂ ಬರುತ್ತೇವೆ, ಬೇರೆ ಹೋಟೆಲಿನಲ್ಲಿ ಇರುತ್ತೇವೆ ಅಂದರು. ಅವಳು ಹಾಗೆ ಮಾಡಿದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಅಂದಳು. ಅವಳು ಒಪ್ಪಿದ್ದರೂ ಪ್ರಯೋಜನವಿರಲಿಲ್ಲ. ಅವಳದು ಐರಿಶ್ ಪಾಸ್‌ಪೋರ್ಟ್, ನಮ್ಮಿಬ್ಬರದು ಇವತ್ತಿಗೂ ಭಾರತದ್ದು. ಇವರು ಗುಟ್ಟಾಗಿ ಗ್ರೀಸ್ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಹುಡುಕಿದರೆ ಜುಲೈ ಮುಗಿಯುವವರೆಗೂ ಒಂದೂ ಖಾಲಿ ಇರಲಿಲ್ಲ. ಅವತ್ತು ಸಂಜೆ ಇವರು ಲ್ಯಾಪ್‌ಟಾಪ್ ತೆಗೆದು ಕೂತರು.

ಏಪ್ರಿಲ್ ಹೊತ್ತಿಗೆ ಆ ದ್ವೀಪದ ಹತ್ತೊಂಬತ್ತು ಕಡಲತೀರಗಳು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಂದು ಬಿದ್ದಿದ್ದವು. ಪ್ರವಾಸ ಹೋಗುವ ಜನ ಯಾವ ಬೀಚು ಚಂದ ಎಂದು ನೋಡುತ್ತಾರೆ. ಇವರು ನೋಡಿದ್ದು, ನೀರು ಸೊಂಟ ಮುಟ್ಟುವ ಮೊದಲು ಎಷ್ಟು ಹೆಜ್ಜೆ ನಡೆಯಬಹುದು, ಜೀವರಕ್ಷಕರು ಎಷ್ಟು ಗಂಟೆಯವರೆಗೆ ಇರುತ್ತಾರೆ, ಗಾಳಿ ಯಾವ ಕಡೆಯಿಂದ, ಆಸ್ಪತ್ರೆ ಎಷ್ಟು ದೂರ. ಯಾರೋ ಜರ್ಮನಿಯವರು, ಪೋಲೆಂಡಿನವರು ಬರೆದ ಅಭಿಪ್ರಾಯಗಳನ್ನೆಲ್ಲ ಅನುವಾದ ಮಾಡಿಸಿ ಓದಿದರು. “ಪುಟ್ಟ ಮಕ್ಕಳಿಗೆ ಚೆನ್ನಾಗಿದೆ, ದೊಡ್ಡವರಿಗೆ ಬೋರು” ಎಂದು ಯಾರಾದರೂ ಬರೆದಿದ್ದರೆ ಆ ಬೀಚಿಗೆ ಐದು ಅಂಕ ಜಾಸ್ತಿ.

ಬಂಡೆಯಿಂದ ಜನ ಆಳದ ನೀರಿಗೆ ಧುಮುಕುವ ಪೋರ್ತೊ ಲಿಮ್ನಿಯೋನಾಸ್‌ಗೆ ಕೆಂಪು ಬಣ್ಣ ಬಳಿದರು. ಹಳೆಯ ಹಡಗು ಮರಳಲ್ಲಿ ಹೂತುಹೋಗಿರುವ ಒಂದು ತೀರ ಇದೆ, ಆ ದ್ವೀಪದ ಫೋಟೊ ಅಂದರೆ ಅದೇ. ಗುಡ್ಡ ಕುಸಿಯುತ್ತದೆ ಎಂದು ಅಲ್ಲಿ ಇಳಿಯುವುದನ್ನು ನಿಲ್ಲಿಸಿದ್ದಾರೆ. “ಒಳ್ಳೇ ಕೆಲಸ ಮಾಡಿದಾರೆ,” ಎಂದು ಇವರು ಅದನ್ನು ಅಳಿಸಿದರು. ಸಿಲಿವಿ ಅನ್ನುವ ಕಡೆ ಪರವಾಗಿಲ್ಲ, ಹಸಿರು. ಎಲ್ಲ ಕೂಡಿ ಕಳೆದು ನೋಡಿದರೆ ಮೊದಲನೆಯ ಸ್ಥಾನ ಬಂದದ್ದು ಲಗಾನಾಸ್‌ಗೆ. ಮೈಲಿಗಟ್ಟಲೆ ಮರಳು, ಎಷ್ಟು ಒಳಗೆ ಹೋದರೂ ನೀರು ಮೇಲೇರುವುದಿಲ್ಲ. ಇವರ ಮುಖ ಅರಳಿತು. ಎರಡು ದಿನ ಮಾತ್ರ. ಮೂರನೆಯ ದಿನ ಗೊತ್ತಾಯಿತು, ಆ ದ್ವೀಪದಲ್ಲಿ ಕುಡಿದು ಕುಣಿಯುವ ಹುಡುಗರೆಲ್ಲ ಸೇರುವ ರಸ್ತೆಯೂ ಅಲ್ಲೇ.

“ನೀರು ಮೊಣಕಾಲುದ್ದ. ಪಕ್ಕದ ರಸ್ತೆ ಮಾತ್ರ ಕುತ್ತಿಗೆ ತನಕ,” ಎಂದು ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಪಾಪ ಅನ್ನಿಸಿತು.

ಪಾಪ ಅನ್ನಿಸಿದರೂ ಸಿಟ್ಟು ಇಳಿಯಲಿಲ್ಲ. “ರೀ, ಈ ಶೀಟು ಗೀಟು ಎಲ್ಲಾ ಸಾಕು. ಕಿವಿ ಸರಿಯಾಗಿದೆ ಅಂತ ಅವಳಿಗೆ ಹೇಳಿಬಿಡಿ. ಇನ್ನೂ ಮೂರು ತಿಂಗಳಿದೆ. ಯೂನಿವರ್ಸಿಟಿ ಕೊಳದಲ್ಲಿ ಈಜು ಕಲಿಸ್ತಾರೆ. ಕಲಿತು ಹೋಗಲಿ,” ಅಂದೆ.

ಇವರು ಲ್ಯಾಪ್‌ಟಾಪ್ ಅರ್ಧ ಮುಚ್ಚಿದರು. “ಮೂರು ತಿಂಗಳಲ್ಲಿ ಅರ್ಧಂಬರ್ಧ ಕಲೀತಾಳೆ. ಅರ್ಧ ಈಜು ಬರೋರೇ ಆಳಕ್ಕೆ ಹೋಗೋದು. ಹೇಳಿದ್ರೆ ಇಳೀತಾಳೆ ವನಜಾ. ಹೇಳದೇ ಇದ್ರೆ ಕಿವಿಗೆ ಹೆದರಿಕೊಂಡು ದಡದಲ್ಲೇ ಇರ್ತಾಳೆ.”

“ಜೀವನ ಪೂರ್ತಿ ದಡದಲ್ಲೇ ಕೂರಿಸ್ತೀರಾ?”

“ಈ ಒಂದು ವಾರ ಕಳೀಲಿ. ಬಂದ್ಮೇಲೆ ಹೇಳ್ತೀನಿ.”

ಈ ವರ್ಷ ಒಂದು ಸಲ ಮಾತ್ರ ಎಂದು ಹೇಳಿದ್ದೂ ಇದೇ ಬಾಯಿ. ಆದರೆ ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಹೇಳಿ, ಅವಳು ನೀರಿಗಿಳಿದು, ಏನಾದರೂ ಆದರೆ? ನಾನು ಎದ್ದು ಹೋಗಿ ಪಾತ್ರೆ ತೊಳೆದೆ.

ಜುಲೈಯಲ್ಲಿ ಐಶುವನ್ನು ಆರ್ಥರ್ಸ್ ಕೀ ಹತ್ತಿರ ಡಬ್ಲಿನ್ ವಿಮಾನ ನಿಲ್ದಾಣದ ಬಸ್ಸಿಗೆ ಬಿಟ್ಟು ಬಂದೆವು. ಇವರು ಬೀಚುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ದಿನಕ್ಕೊಂದು ಬೀಚು, ಗಾಳಿ ತಿರುಗಿದರೆ ಬದಲಿ ಬೀಚು, ಸಂಜೆ ಆರಕ್ಕೆ ವಾಪಸು. ಜೊತೆಗೆ ಕಿವಿಗೆ ಇಡುವ ರಬ್ಬರ್ ಬಿರಡೆ ಎರಡು ಜೊತೆ. ಈಫಾ ಪಟ್ಟಿಯನ್ನು ಇಣುಕಿ ನೋಡಿ, ನಿಮ್ಮಪ್ಪ ಲೆಜೆಂಡ್ ಅಂದಳು. ಐಶು ಬಸ್ಸು ಹತ್ತುವಾಗ ಇವರು ಅವಳ ಮಣಿಕಟ್ಟು ಹಿಡಿದುಕೊಂಡರು. ಅವಳು ಮೆಲ್ಲಗೆ ಬಿಡಿಸಿಕೊಂಡಳು.

ದಿನಕ್ಕೊಂದು ಫೋಟೊ ಕಳಿಸಬೇಕು ಎಂಬುದೊಂದೇ ಕರಾರು. ಇವರು ಆಫೀಸಿನಲ್ಲಿ ಬೋರ್ಡುಗಳನ್ನು ಬಿಟ್ಟು ಫೋನು ನೋಡಿಕೊಂಡು ಕೂರುತ್ತಿದ್ದರಂತೆ. ಮೊದಲ ದಿನ ಮರಳು, ಛತ್ರಿ, ಐಶುವಿನ ಒಣಗಿದ ಕೂದಲು. “ಒಣಗಿದೆ ನೋಡು,” ಎಂದು ಫೋನನ್ನು ನನ್ನ ಮೂಗಿಗೆ ಹಿಡಿದರು. ಎರಡನೆಯ ದಿನವೂ ಒಣಗಿದ ಕೂದಲು. ಅವಳು ಪಟ್ಟಿಯಲ್ಲಿದ್ದ ಬೀಚಿಗೇ ಹೋಗುತ್ತಿದ್ದಳು, ಹೇಳಿದ ಹೊತ್ತಿಗೇ ಹಿಂತಿರುಗುತ್ತಿದ್ದಳು. ಅಪ್ಪನ ಪಟ್ಟಿಯ ಒಂದು ಅಕ್ಷರವೂ ಹುಸಿ ಹೋಗಲಿಲ್ಲ.

ನಾಲ್ಕನೆಯ ದಿನದ ಫೋಟೊ ಈಫಾ ತೆಗೆದದ್ದು, ನೀರಿನೊಳಗೆ ನಿಂತು. ಗೆಳತಿಯರೆಲ್ಲ ನೀರಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ಹಿಂದೆ ದೂರದಲ್ಲಿ ಐಶು ಮರಳಿನ ಮೇಲೆ ಕಾಲು ಮಡಿಸಿ ಕೂತಿದ್ದಾಳೆ. ಐದು ಜನರ ಅಂಗಿ, ಚಡ್ಡಿ, ಫೋನು, ಚೀಲ ಎಲ್ಲ ಅವಳ ತೊಡೆಯ ಮೇಲೆ. ಎರಡು ಕೈಯಿಂದ ಅವನ್ನು ಅಪ್ಪಿಕೊಂಡು ನೀರಿನ ಕಡೆ ನೋಡುತ್ತಿದ್ದಾಳೆ.

ಈ ಸಲ ಇವರು ಒಣಗಿದೆ ನೋಡು ಅನ್ನಲಿಲ್ಲ. ಫೋಟೊ ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು. ಸೋಫಾದ ತುದಿಯಲ್ಲಿ ಕೂತರು.

“ಇವಳ ತೊಡೆ ಮೇಲೂ ಬಟ್ಟೆ ಇಟ್ಟು ಕೂರಿಸಿಬಿಟ್ಟೆ ನಾನು,” ಅಂದರು.

ಬೈಯಲು ನನ್ನ ಹತ್ತಿರ ಆಗ ಬೇಕಾದಷ್ಟು ಇತ್ತು. ಬೈಯಲಿಲ್ಲ. ಫೋನ್ ಮಾಡಿ ಈಗಲೇ ಹೇಳಿಬಿಡಲೇ ಎಂದು ಕೇಳಿದರು. ಆಮೇಲೆ ತಾವೇ, ಬೇಡ, ಅಲ್ಲಿ ಹೇಳಿದರೆ ಈಗಲೇ ಇಳಿಯುತ್ತಾಳೆ ಅಂದರು. ಫೋನು ತೆಗೆದರು, ಇಟ್ಟರು. ಮೂರು ದಿನ ಅದನ್ನೇ ಮಾಡಿದರು. ಅಲ್ಲಿ ಸಮುದ್ರ, ಇಲ್ಲಿ ನಾವಿಬ್ಬರು, ಮಾಡುವುದಕ್ಕೆ ಏನೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಐಶು ಕಪ್ಪಗಾಗಿ, ಮೂಗಿನ ತುದಿ ಸುಲಿದುಕೊಂಡು ವಾಪಸು ಬಂದಳು. ಆಮೆಗಳು ಮೊಟ್ಟೆಯಿಟ್ಟ ಜಾಗಕ್ಕೆ ಬೇಲಿ ಕಟ್ಟಿದ್ದನ್ನು ನೋಡಿದೆ ಅಂದಳು. “ನಿಮ್ಮ ಲಿಸ್ಟ್ ಸೂಪರ್ ಅಪ್ಪ. ನೀರು ಎಷ್ಟು ತಿಳಿ ಅಂದ್ರೆ ಪಾದದ ಉಗುರು ಕಾಣಿಸ್ತಿತ್ತು. ಪಾದ ಮುಳುಗೋ ತನಕ ಇಳಿದಿದ್ದೆ,” ಅಂದಳು. ಮೊಣಕಾಲುದ್ದವೂ ಅಲ್ಲ, ಪಾದದಷ್ಟು. ಊಟ ಮಾಡಿ ತನ್ನ ಕೋಣೆಗೆ ಹೋದಳು.

ನಾನು ಬಟ್ಟೆ ಒಗೆಯಲು ಅವಳ ಚೀಲ ಕೊಡವಿದೆ. ಮರಳು ಸುರಿಯಿತು. ಅಡಿಯಲ್ಲಿ ಒಂದು ಈಜುಡುಗೆ ಇತ್ತು, ನೀಲಿ ಬಣ್ಣದ್ದು. ಅವಳು ಅದನ್ನು ಯಾವಾಗ ಕೊಂಡಳೋ ನನಗೆ ಗೊತ್ತಿಲ್ಲ. ಅಂಗಡಿಯ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಒಂದು ಸಲವೂ ಮೈಗೆ ಹಾಕಿರಲಿಲ್ಲ. ಇವರು ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಮೆಟ್ಟಿಲು ಹತ್ತಿದರು. ನಾನು ಆ ಬಟ್ಟೆ ಹಿಡಿದುಕೊಂಡೇ ಹಿಂದೆ ಹೋದೆ. ಅವರ ಬಾಯಿಂದ ಅದು ಬರುವುದನ್ನು ಕಿವಿಯಾರೆ ಕೇಳಬೇಕಿತ್ತು ನನಗೆ.

ಐಶು ಮಂಚದ ಮೇಲೆ ಕೂತು ಫೋಟೊ ನೋಡುತ್ತಿದ್ದಳು.

“ಐಶು, ನಿನ್ನ ಕಿವಿ ಚೆನ್ನಾಗಿದೆ ಕಣಮ್ಮ,” ಅಂದರು ಇವರು.

“ಹೂಂ ಅಪ್ಪ, ನೋವೇನೂ ಬರಲಿಲ್ಲ.”

“ಹಾಗಲ್ಲ. ಯಾವಾಗ್ಲೂ ಚೆನ್ನಾಗೇ ಇತ್ತು. ಆರು ವರ್ಷದವಳಿದ್ದಾಗಲೇ ವಾಸಿಯಾಗಿತ್ತು. ನಾನೇ ಸುಳ್ಳು ಹೇಳಿದ್ದು. ನನಗೆ ನೀರು ಕಂಡ್ರೆ ಭಯ.”

ದಿಲೀಪನ ಕಥೆಯನ್ನೂ ಹೇಳಿದರು. ತಡವರಿಸುತ್ತಾ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಬಟ್ಟೆಯ ವಿಷಯವನ್ನೂ ಬಿಡದೆ ಹೇಳಿದರು. ಐಶು ಕೂಗಾಡಲಿಲ್ಲ. ಅವಳ ಬಲಗೈ ತಾನಾಗಿ ಬಲಗಿವಿಯ ಮೇಲೆ ಹೋಯಿತು, ಕಿಲ್ಕೀಯಲ್ಲಿ ಅಲೆ ಹತ್ತಿರ ಬಂದಾಗ ಹೋಗುತ್ತಿದ್ದ ಹಾಗೆ. ಅಪ್ಪನನ್ನು ನೋಡಿ ಅವಳ ಕಣ್ಣು ತುಂಬಿತು. ಅದು ಸಿಟ್ಟಲ್ಲ, ಅಪ್ಪನ ಮೇಲಿನ ಕನಿಕರ ಎಂದು ನನಗೆ ಗೊತ್ತಾಯಿತು. ಸದ್ಯ, ಇವರನ್ನು ಕ್ಷಮಿಸುತ್ತಾಳೆ ಎಂದು ಮನಸ್ಸು ಹಗುರಾಯಿತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಶಾಲೆಗೆ ಕೊಡ್ತಿದ್ದ ಚೀಟಿ,” ಅಂದಳು. ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು. “ಅದು ನಿನ್ನ ಅಕ್ಷರ ಅಲ್ವಾ, ಅಮ್ಮ?”

ಹೌದು. ಇವರ ಕೈಬರಹ ಕಾಗೆ ಕಾಲು. ಹನ್ನೊಂದು ವರ್ಷ, ಹನ್ನೊಂದು ಚೀಟಿ, ಬರೆದು ಸಹಿ ಹಾಕಿದ್ದು ನಾನು. ನನಗೆ ಯಾವ ನದಿಯ ಭಯವೂ ಇರಲಿಲ್ಲ, ಯಾವ ತಮ್ಮನೂ ಹೋಗಿರಲಿಲ್ಲ. ಇವರನ್ನು ಅಷ್ಟು ವರ್ಷ ಬೈದದ್ದೂ ನಾನೇ. ಈಜುಡುಗೆ ನನ್ನ ಕೈಯಲ್ಲೇ ಇತ್ತು.