ಟ್ಯಾಂಕಿನ ಮೇಲಿನ ಕೆಂಪು ಸ್ವಿಚ್ಚು

ಮುಂಬೈಯ ಆಂಟಾಪ್ ಹಿಲ್‌ನ ಚಾಳಿನಲ್ಲಿ ಮೌಲಾಸಾಬರ ಹಳೆಯ ಬೈಕಿನದು ಸ್ವಿಚ್ಚುಗಳ ದೊಡ್ಡ ಸಂಸಾರ: ಹಿಂದಿನ ದೀಪಕ್ಕೊಂದು, ಎರಡು ಹಾರ್ನುಗಳಿಗೆ ಎರಡು, ಅವೂ ಮುನಿದರೆ ಇರಲೆಂದು ಮತ್ತೊಂದು. “ಅಣ್ಣಾ, ಇದೇನ್ ವಿಮಾನಾನಾ?” ಎಂದು ಪಕ್ಕದ ಖೋಲಿಯ ಶಿವಕುಮಾರಿ ನಕ್ಕರೆ, “ರೆಕ್ಕಿ ಅಷ್ಟಽ ಬಾಕಿ, ತಂಗಿ” ಎನ್ನುವರು. ದಿನಾ ಹೊರಡುವ ಮುಂಚೆ ಟ್ಯಾಂಕಿನ ಮೇಲಿನ ಕೆಂಪು ಸ್ವಿಚ್ಚು ತೋರಿಸಿ, ಅವಳ ಕಂಕುಳ ಕೂಸಿಗೆ “ಒತ್ತು ಬಾ” ಎನ್ನುವರು. ಶಾಕ್ ಹೊಡೆದೀತೆಂದು ಅವಳು ಹಿಂದೆ ಸರಿಯುವಳು. ಒಂದು ದಿನ ಅವರೇ ಹೇಳಿದರು: “ಅದಕ್ಕ ವೈರಽ ಕೊಟ್ಟಿಲ್ಲ, ತಂಗಿ. ನನ್ನ ಸೈಮಾಗ ಅಂತ ಹಚ್ಚಿದ್ದು. ತಾನು ಒತ್ತಿದರಽ ಗಾಡಿ ಚಾಲೂ ಆಗತೈತಿ ಅಂತಿದ್ಲು. ನಾ ಕೆಳಗ ಕಿಕ್ ಹೊಡೀತಿದ್ದೆ.” ಅವರ ಐದು ವರ್ಷದ ಮಗಳು ಸೈಮಾ ಜ್ವರದಲ್ಲಿ ತೀರಿಕೊಂಡದ್ದು ಹೋದ ಮಳೆಗಾಲದಲ್ಲಿ. ಶಿವಕುಮಾರಿ ಕೂಸಿನ ಬೆರಳು ಹಿಡಿದು ತಾನೇ ಸ್ವಿಚ್ಚು ಒತ್ತಿಸಿದಳು. ಮೌಲಾಸಾಬರು ಕಿಕ್ ಹೊಡೆಯುವುದನ್ನೇ ಮರೆತು ನಿಂತರು.